ಮೆರಿನಾ ರಸ್ತೆಯಲ್ಲಿ ಬೆನ್ನು ತೋರಿಸಿ ನಿಂತವರು

ನನ್ನ ಅಕ್ಕನ ಮಗಳು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಓದು ಎಂಜಿನಿಯರಿಂಗ್ ಆದರೂ ಫೋನ್ ಮಾಡಿದಾಗ ಮಾತೆಲ್ಲ ಬ್ಯಾಂಡಿನದೇ. ಅವಳು ಅಲ್ಲಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಫುಟ್‌ಬಾಲ್ ಪಂದ್ಯದ ನಡುವೆ ಮೈದಾನದ ತುಂಬ ನಡೆಯುತ್ತ ನುಡಿಸುವ ನೂರಾರು ಹುಡುಗ ಹುಡುಗಿಯರಲ್ಲಿ ಇವಳೂ ಒಬ್ಬಳು. ಅಲ್ಲಿ ಬ್ಯಾಂಡ್ ನಡೆಸುವವರು ಪೂರ್ಣ ಪ್ರಮಾಣದ ಪ್ರೊಫೆಸರು. 'ಡೈರೆಕ್ಟರ್ ಆಫ್ ಬ್ಯಾಂಡ್ಸ್' ಎಂಬ ಹುದ್ದೆ, ಸಂಬಳ, ಕೊಠಡಿ, ಗೌರವ ಎಲ್ಲ ಇದೆ. ವಿಲಿಯಂ ರೆವೆಲ್ಲಿ ಎಂಬವರು 1935ರಿಂದ 1971ರವರೆಗೆ ಆ ಕುರ್ಚಿಯಲ್ಲಿದ್ದರಂತೆ. ಅವರ ಶಿಸ್ತಿನ ಕತೆಗಳನ್ನು ಈಗಿನ ಮಕ್ಕಳೂ ಹೇಳಿಕೊಳ್ಳುತ್ತಾರಂತೆ.

ಡಿಸೆಂಬರಿನಲ್ಲಿ ಒಂದು ರಾತ್ರಿ ಅವಳು ಕೇಳಿದಳು. "ಮಾಮ, ನಿಮ್ಮ ಕಾಲೇಜಲ್ಲೂ ಆರ್ಕೆಸ್ಟ್ರಾ ಇತ್ತಂತೆ, ಅಮ್ಮ ಹೇಳಿದ್ಲು. ನಿಮ್ಮ ಡೈರೆಕ್ಟರ್ ಹೆಸರೇನು?"

ನಾನು ಲೈನ್ ಸರಿಯಿಲ್ಲ ಎಂದೆ. ಈಗಿನ ಕಾಲದಲ್ಲಿ ಲೈನ್ ಸರಿಯಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಅವಳೂ ನಂಬಲಿಲ್ಲ ಅಂತ ಕಾಣುತ್ತೆ. "ಆಯ್ತು ಮಾಮ, ನೆನಪಾದಾಗ ಮೆಸೇಜ್ ಮಾಡಿ" ಎಂದು ಬೇರೆ ಮಾತಿಗೆ ಹೋದಳು.

ಆ ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿಯಿತು. ಜನವರಿಯ ಮೂರನೇ ವಾರ ಒಂದು ಬೆಳಿಗ್ಗೆ, ನಿದ್ದೆ ಬಾರದೆ, ಆರು ಗಂಟೆಗೆ ಮೊದಲೇ ಮೆರಿನಾಗೆ ಬಂದೆ. ಲೈಟ್‌ಹೌಸ್‌ನಿಂದ ಉತ್ತರಕ್ಕೆ ಕಾಮರಾಜರ್ ರಸ್ತೆಯುದ್ದಕ್ಕೂ ನಡೆದು, ನೇಪಿಯರ್ ಸೇತುವೆ ದಾಟಿ, ಸೇಂಟ್ ಜಾರ್ಜ್ ಕೋಟೆಯವರೆಗೆ ಹೋದರೆ ನಾಲ್ಕು ಕಿಲೋಮೀಟರಿನ ಆಸುಪಾಸು. ಈ ಊರಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಈ ರಸ್ತೆಯಲ್ಲಿ ಬಸ್ಸಿನಲ್ಲಿ, ಬೈಕಿನಲ್ಲಿ, ಕಾರಿನಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ನಡೆದದ್ದು ಕಡಿಮೆ.

ಕಾರಿಳಿದ ಕೂಡಲೇ ಉತ್ತರದ ಕಡೆಯಿಂದ ಗಾಳಿಯಲ್ಲಿ ಡ್ರಮ್ಮಿನ ಸದ್ದು ಬಂತು. ಗಣರಾಜ್ಯೋತ್ಸವದ ತಾಲೀಮು. ಮೊದಲು ಗಾಂಧಿ ಪ್ರತಿಮೆಯ ಹತ್ತಿರ ಪರೇಡು ನಡೆಯುತ್ತಿತ್ತು. ಮೆಟ್ರೋ ಕೆಲಸ ಶುರುವಾದ ಮೇಲೆ ಇನ್ನೂ ಉತ್ತರಕ್ಕೆ, ದೇವಿಪ್ರಸಾದ್ ರಾಯ್ ಚೌಧುರಿ ಮಾಡಿದ ಶ್ರಮಿಕರ ಪ್ರತಿಮೆಯ ಬಳಿಗೆ ಸರಿಯಿತು. ಆ ಸದ್ದಿನ ಕಡೆಗೇ ನಡೆಯತೊಡಗಿದೆ.

ಲೈಟ್‌ಹೌಸ್‌ಗೆ ಹತ್ತಿರದಲ್ಲೇ ಆಕಾಶವಾಣಿಯ ಕಟ್ಟಡ. ಮದ್ರಾಸ್ ನಿಲಯ ಶುರುವಾದದ್ದು 1938ರಲ್ಲಿ, ಎಗ್ಮೋರಿನಲ್ಲಿ. ಇಲ್ಲಿಗೆ ಬಂದದ್ದು ಆಮೇಲೆ. ನಮ್ಮ ಸಂಗೀತಗಾರರಿಗೆ 'ಎಲ್ಲರೂ ಕೂತು, ಬರೆದದ್ದನ್ನು ನೋಡಿಕೊಂಡು, ಒಬ್ಬರ ಕೈ ನೋಡಿ ನುಡಿಸಿ' ಎಂದು ಹೇಳಿಕೊಟ್ಟದ್ದರಲ್ಲಿ ಆಕಾಶವಾಣಿಯ ಪಾತ್ರ ದೊಡ್ಡದು. 1952ರಲ್ಲಿ ದೆಹಲಿಯಲ್ಲಿ ವಾದ್ಯವೃಂದ ಕಟ್ಟಿದಾಗ ಹಿಂದೂಸ್ತಾನಿ ಕಡೆಗೆ ರವಿಶಂಕರ್, ಕರ್ನಾಟಕ ಸಂಗೀತದ ಕಡೆಗೆ ಪಿಟೀಲು ವಿದ್ವಾಂಸ ಟಿ.ಕೆ. ಜಯರಾಮ ಅಯ್ಯರ್ ಮುಂದಾಳುಗಳು. ಈ ಮದ್ರಾಸ್ ನಿಲಯದಲ್ಲಿ ಪಾಶ್ಚಾತ್ಯ ಸಂಗೀತವನ್ನು ನೋಡಿಕೊಳ್ಳುತ್ತಿದ್ದವರು ಹ್ಯಾಂಡಲ್ ಮ್ಯಾನುಯೆಲ್. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. 1893ರಲ್ಲಿ ಹುಟ್ಟಿದ ಮದ್ರಾಸ್ ಮ್ಯೂಸಿಕಲ್ ಅಸೋಸಿಯೇಷನ್ನಿನ ಗಾಯನವೃಂದವನ್ನೂ ನಡೆಸಿದವರು.

ನಮ್ಮ ಕಡೆಯ ಕಚೇರಿಯಲ್ಲಿ ಮುಖ್ಯರಾದವರು ನಡುವೆ ಕೂರುತ್ತಾರೆ, ನಮ್ಮ ಕಡೆಗೇ ಮುಖ ಮಾಡಿರುತ್ತಾರೆ. ತಾಳವನ್ನೂ ಅವರೇ ಹಾಕುತ್ತಾರೆ. ಪಿಟೀಲಿನವರು, ಮೃದಂಗದವರು ಅವರ ದಾರಿ ಹಿಡಿದು ಬರುತ್ತಾರೆ. ವೃಂದದಲ್ಲಿ ಹಾಗಲ್ಲ. ಒಬ್ಬರು ನಮಗೆ ಬೆನ್ನು ಮಾಡಿ ನಿಲ್ಲುತ್ತಾರೆ, ಒಂದು ಸ್ವರವನ್ನೂ ನುಡಿಸುವುದಿಲ್ಲ, ಕೈ ಆಡಿಸುತ್ತಾರೆ. ನಮ್ಮ ಮನೆಗಳಲ್ಲಿ ಈಗಲೂ ಕೇಳುವ ಪ್ರಶ್ನೆ ಇದು: "ಆ ಕಡ್ಡಿ ಹಿಡ್ಕೊಂಡಿರೋರು ಏನು ಮಾಡ್ತಾರೆ?" ನಾನೂ ಒಂದು ಕಾಲದಲ್ಲಿ ಇದನ್ನೇ ಕೇಳಿದ್ದೆ.

ಇನ್ನಷ್ಟು ನಡೆದು, ಗಾಂಧಿ ಪ್ರತಿಮೆ ದಾಟಿದರೆ ರಸ್ತೆಯಾಚೆ ಕ್ವೀನ್ ಮೇರಿಸ್ ಕಾಲೇಜು. 1914ರಲ್ಲಿ ಶುರುವಾದ, ಈ ಊರಿನ ಮೊದಲ ಮಹಿಳಾ ಕಾಲೇಜು. ಕಾಲೇಜಿನಲ್ಲಿ ಸಂಗೀತವನ್ನು ಗಣಿತ, ಚರಿತ್ರೆಗಳ ಹಾಗೆ ಒಂದು ಪಠ್ಯವಿಷಯ ಮಾಡಿದ ಮೊದಲ ಜಾಗಗಳಲ್ಲಿ ಇದೂ ಒಂದು. 1928ರಲ್ಲಿ ಇಲ್ಲಿಗೆ ಪಾಠ ಹೇಳಲು ಬಂದವರು ಪಿ. ಸಾಂಬಮೂರ್ತಿ. 1931ರಲ್ಲಿ ಮ್ಯೂನಿಕ್‌ಗೆ ಹೋಗಿ ಅಲ್ಲಿನ ಸಂಗೀತವನ್ನು ಅಭ್ಯಾಸ ಮಾಡಿ ಬಂದರು. ಆಮೇಲೆ ಮದ್ರಾಸ್ ವಿಶ್ವವಿದ್ಯಾಲಯದ ಸಂಗೀತ ವಿಭಾಗವನ್ನು ಬೆಳೆಸಿದರು. ಸಂಗೀತ ಪರೀಕ್ಷೆ ಕಟ್ಟಿದವರ ಮನೆಗಳಲ್ಲಿ ಅವರ 'ಸೌತ್ ಇಂಡಿಯನ್ ಮ್ಯೂಸಿಕ್' ಸಂಪುಟಗಳು ಇದ್ದೇ ಇರುತ್ತಿದ್ದವು. ಮೈಸೂರಿನ ನಮ್ಮ ಮನೆಯಲ್ಲೂ ಅಕ್ಕನ ಪುಣ್ಯದಿಂದ ಎರಡು ಸಂಪುಟ ಇದ್ದವು.

ಗುಂಪಿನಲ್ಲಿ ನುಡಿಸುವುದು, ಹಾಡುವುದು ಬಿಳಿಯರಿಂದ ಬಂದದ್ದು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ 13ನೇ ಶತಮಾನದ ಶಾರ್ಙ್ಗದೇವನ 'ಸಂಗೀತ ರತ್ನಾಕರ'ದಲ್ಲಿ ವೃಂದದ ಲೆಕ್ಕವೇ ಇದೆ. ಉತ್ತಮ ವೃಂದ ಎಂದರೆ ನಾಲ್ವರು ಮುಖ್ಯ ಗಾಯಕರು, ಎಂಟು ಮಂದಿ ಸಹಗಾಯಕರು, ಹನ್ನೆರಡು ಮಂದಿ ಗಾಯಕಿಯರು, ನಾಲ್ವರು ಕೊಳಲಿನವರು, ನಾಲ್ವರು ಮೃದಂಗದವರು. ಅದಕ್ಕಿಂತ ಮುಖ್ಯವಾಗಿ ವೃಂದಕ್ಕೆ ಆರು ಗುಣಗಳನ್ನು ಹೇಳಿದ್ದಾನೆ. ಮುಖ್ಯನಾದವನನ್ನು ಅನುಸರಿಸುವುದು, ಒಬ್ಬರೊಡನೊಬ್ಬರು ಬೆರೆಯುವುದು, ತಾಳ ಲಯಗಳ ಜೊತೆ ಹೋಗುವುದು, ಮೂರು ಸ್ಥಾಯಿಗಳಲ್ಲೂ ಸಂಚರಿಸುವ ಶಕ್ತಿ, ದನಿಗಳ ಹೊಂದಿಕೆ. ಇವು ಐದು. ಇನ್ನೊಂದು, ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವುದು. ಹಾಡುತ್ತ ಹಾಡುತ್ತ ಒಬ್ಬನ ಎಳೆ ಕಡಿದರೆ ಪಕ್ಕದವನು ಅದನ್ನು ಹಿಡಿದುಕೊಳ್ಳಬೇಕು, ಕೇಳುವವರಿಗೆ ಕಡಿದದ್ದೇ ಗೊತ್ತಾಗಬಾರದು.

ಈ ಆರನೇ ಗುಣವನ್ನು ನಾನು ಓದಿದ್ದು ಬಹಳ ತಡವಾಗಿ. ಅದನ್ನು ನನಗೆ ತೋರಿಸಿದವರು ರತ್ನಾಕರದ ಹೆಸರನ್ನೂ ಕೇಳಿರಲಾರರು.

*

ನಾನು ಚೆನ್ನೈಗೆ ಬಂದದ್ದು 1991ರಲ್ಲಿ, ಕಾಲೇಜಿಗೆ. ಮೈಸೂರಿನಲ್ಲಿ ಏಳು ವರ್ಷ ಪಿಟೀಲು ಕಲಿತಿದ್ದೆ. ತಮಿಳು ಒಂದಕ್ಷರ ಬರುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಊಟ ಸಾಕು ಎನ್ನುವುದಕ್ಕೂ ಕೈಸನ್ನೆ. ಕಾಲೇಜಿನ ಹೆಸರು ಇಲ್ಲಿ ಬೇಡ. ಅಲ್ಲಿ ಇಪ್ಪತ್ತೆರಡು ಮಂದಿಯ ಒಂದು ಆರ್ಕೆಸ್ಟ್ರಾ ಇತ್ತು. ಅದನ್ನು ನಡೆಸಲು ವಾರಕ್ಕೆ ಎರಡು ಸಂಜೆ ಒಬ್ಬರು ಬರುತ್ತಿದ್ದರು. ಬಿಳಿ ಅಂಗಿ, ಜೇಬಿನಲ್ಲಿ ಪೆನ್ಸಿಲು, ಹಳೆಯ ಸೈಕಲ್ಲು. ನಾವೆಲ್ಲ ಮಾಸ್ಟರ್ ಎನ್ನುತ್ತಿದ್ದೆವು.

ಮಾಸ್ಟರ್ ಕೋಡಂಬಾಕ್ಕಂ ಸ್ಟುಡಿಯೋಗಳಲ್ಲಿ ಪಿಟೀಲು ನುಡಿಸುತ್ತಿದ್ದವರು. ಕನ್ನಡ ಚಿತ್ರರಂಗ ಮದ್ರಾಸಿನಲ್ಲೇ ಇದ್ದ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಮ್ಮ ಎಷ್ಟೋ ಹಾಡುಗಳ ಧ್ವನಿಮುದ್ರಣ ಆದದ್ದು ಇದೇ ಊರಿನಲ್ಲಿ. ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಇಳಯರಾಜಾ ಪಳಗಿದ್ದೂ ಇಲ್ಲೇ. ನಾನು ಮೈಸೂರಿನವನು ಎಂದ ಕೂಡಲೇ ಮಾಸ್ಟರ್ ನಕ್ಕು, "ತಂಬಿ, ನೂರಾರು ಕನ್ನಡ ಹಾಡಿಗೆ ನುಡಿಸಿದೀನಿ. ಒಂದು ಕನ್ನಡ ಸಿನಿಮಾನೂ ನೋಡಿಲ್ಲ" ಎಂದರು. ಎಷ್ಟೋ ಹಾಡುಗಳ ಪಲ್ಲವಿಯೂ ಅವರಿಗೆ ಗೊತ್ತಿರಲಿಲ್ಲ. ಆದರೆ ಮೊದಲ ಚರಣಕ್ಕೆ ಮುಂಚೆ ಪಿಟೀಲುಗಳು ಏನು ನುಡಿಸುತ್ತವೆ ಎನ್ನುವುದು ಬೆರಳಲ್ಲೇ ಇತ್ತು. ನಾನು ಮನೆಯ ನೆನಪಾಗಿ ಸಪ್ಪಗಿದ್ದರೆ ಪಿಟೀಲು ತೆಗೆದು ಅಂಥ ಒಂದು ತುಣುಕು ನುಡಿಸುತ್ತಿದ್ದರು. ಮುಂದಿನ ಸಾಲನ್ನು ನಾನು ಹಾಡಬೇಕು. ಆ ಹಾಡು ಯಾವುದೆಂದು ಅವರಿಗೆ ಗೊತ್ತಾಗುತ್ತಿದ್ದದ್ದು ಆಗಲೇ. ಅವತ್ತಿನಿಂದ ನಾನು 'ಮೈಸೂರು ತಂಬಿ'.

ನಮ್ಮ ಆರ್ಕೆಸ್ಟ್ರಾದಲ್ಲಿ ಕೆಲವರಿಗೆ ಪಾಶ್ಚಾತ್ಯ ಸ್ವರಲಿಪಿ ಬರುತ್ತಿತ್ತು, ಚರ್ಚಿನಲ್ಲಿ ಹಾಡಿದವರು. ಉಳಿದವರಿಗೆ ಸರಿಗಮ ಮಾತ್ರ. ಮಾಸ್ಟರ್ ಎಲ್ಲರ ಪಾಲನ್ನೂ ಪೆನ್ಸಿಲಿನಲ್ಲಿ ಒಂದೊಂದು ಹಾಳೆಗೆ ಬರೆದು ತರುತ್ತಿದ್ದರು. ಆಮೇಲೆ ನಾವು ನಮ್ಮ ನಮ್ಮ ಲಿಪಿಯಲ್ಲಿ ಬರೆದುಕೊಳ್ಳಬೇಕು. ಹೀಗಾಗಿ ಸ್ಟ್ಯಾಂಡುಗಳ ಮೇಲೆ ತಮಿಳು, ತೆಲುಗು, ಮಲಯಾಳ, ಕನ್ನಡ, ಜೊತೆಗೆ ಐದು ಗೆರೆಯ ಸ್ವರಲಿಪಿ. ಯಾರಾದರೂ ರಜೆ ಹಾಕಿದರೆ ಅವರ ಹಾಳೆ ಇನ್ನೊಬ್ಬರಿಗೆ ಓದಲು ಬಾರದು. "ಹಾಳೆ ನೋಡಬೇಡಿ, ನನ್ನ ಕೈ ನೋಡಿ" ಎನ್ನುತ್ತಿದ್ದರು ಮಾಸ್ಟರ್. ತಮಿಳು ಬಾರದ ನನಗೆ ಆ ಊರಿನಲ್ಲಿ ಪೂರ್ತಿ ಅರ್ಥವಾಗುತ್ತಿದ್ದದ್ದು ಅದೊಂದೇ ಮಾತು.

ಆ ಕಡ್ಡಿ ಹಿಡಿದವರು ಏನು ಮಾಡುತ್ತಾರೆ ಎನ್ನುವುದು ಅಲ್ಲಿ ತಿಳಿಯಿತು. ಪೆಟ್ಟು ಬೀಳುವುದಕ್ಕೆ ಮುಂಚೆ ಕೈ ಮೇಲೇಳುತ್ತದಲ್ಲ, ಕೆಲಸವೆಲ್ಲ ಅಲ್ಲೇ. ಎಷ್ಟು ವೇಗ, ಎಷ್ಟು ಜೋರು, ಮೃದುವೋ ಗಡುಸೋ, ಎಲ್ಲ ಆ ಮೇಲೇಳುವ ಕೈಯಲ್ಲಿ ಇರುತ್ತದೆ. ಊದುವವರು ಆಗ ಉಸಿರು ತೆಗೆದುಕೊಳ್ಳಬೇಕು, ಪಿಟೀಲಿನವರು ಕಮಾನು ಎತ್ತಬೇಕು. ಬಲಗೈ ತಾಳ ನೋಡಿಕೊಂಡರೆ ಎಡಗೈ ಮನುಷ್ಯರನ್ನು ನೋಡಿಕೊಳ್ಳುತ್ತದೆ. ನೀನು ಸ್ವಲ್ಪ ಕಡಿಮೆ, ನೀನು ಈಗ ಬಾ, ನೀನು ತಡಿ. ಮಾಸ್ಟರ್ ಇಪ್ಪತ್ತೆರಡು ಮಂದಿಯ ಕಣ್ಣನ್ನೂ ಒಂದಲ್ಲ ಒಂದು ಸಲ ನೋಡದೆ ಒಂದು ಹಾಡು ಮುಗಿಸುತ್ತಿರಲಿಲ್ಲ.

1993ರ ಕಾಲೇಜು ದಿನ. ಮುಂದಿನ ಸಾಲಿನಲ್ಲಿ ದೊಡ್ಡವರೆಲ್ಲ ಕೂತಿದ್ದರು. ಎರಡನೇ ಹಾಡಿನ ನಡುವೆ ಪಿಟೀಲುಗಳಿಗೆ ಎಂಟು ಆವರ್ತ ಸುಮ್ಮನಿರುವ ಜಾಗ ಇತ್ತು. ನಾನು ಏಳಕ್ಕೇ ಎತ್ತಿಬಿಟ್ಟೆ. ಸಭೆಯಲ್ಲಿದ್ದ ಯಾರನ್ನೋ ನೋಡುತ್ತಿದ್ದೆ, ನಿಜ ಹೇಳಬೇಕೆಂದರೆ. ನನ್ನ ಹಿಂದಿನ ಇಬ್ಬರು ನನ್ನನ್ನು ನಂಬಿ ಎತ್ತಿದರು. ಕೊಳಲಿನವನು ಗಾಬರಿಯಾಗಿ ನಿಲ್ಲಿಸಿದ. ಎರಡು ಕ್ಷಣ ಎಲ್ಲ ಕಲಸಿಹೋಯಿತು. ಮಾಸ್ಟರ್ ಎಡಗೈ ಅಂಗೈ ಚಾಚಿ ನಮ್ಮನ್ನು ತಡೆದರು, ತಬಲಾ ಮತ್ತು ಡ್ರಮ್ಮಿನ ಹುಡುಗರಿಗೆ ಕಣ್ಣಲ್ಲೇ ಹೇಳಿದರು. ಅವರು ನಾಲ್ಕು ಆವರ್ತ ತಾವೇ ನುಡಿಸಿದರು, ಅದು ಬೇಕೆಂದೇ ಇಟ್ಟ ತನಿ ಎನ್ನುವ ಹಾಗೆ. ಆಮೇಲೆ ನಮ್ಮೆಲ್ಲರನ್ನೂ ಒಟ್ಟಿಗೆ ಒಳಗೆ ತಂದರು. ಸಭೆ ಚಪ್ಪಾಳೆ ತಟ್ಟಿತು.

ಆದರೆ ಗೊತ್ತಾಗಬೇಕಾದವರಿಗೆ ಗೊತ್ತಾಗಿತ್ತು. ಮಾರನೇ ದಿನ ಮಾಸ್ಟರನ್ನು ಆಫೀಸಿಗೆ ಕರೆಸಿದರು. ನಾನು ಫೀಸಿನ ರಸೀದಿಗಾಗಿ ಹೊರಗೆ ಕಿಟಕಿಯ ಪಕ್ಕ ನಿಂತಿದ್ದೆ. ಅಷ್ಟು ದೊಡ್ಡವರ ಮುಂದೆ ಮರ್ಯಾದೆ ಹೋಯಿತು, ಯಾರು ತಪ್ಪು ಮಾಡಿದ್ದು ಎಂದು ಒಳಗಿನ ದನಿ ಕೇಳಿತು. ಮಾಸ್ಟರ್ ಸ್ವಲ್ಪವೂ ತಡೆಯದೆ, "ತಪ್ಪು ನಂದು ಸಾರ್. ನಾನೇ ಬೇಗ ಕೈ ತೋರಿಸಿದೆ" ಎಂದರು.

ನಾನು ಒಳಗೆ ಹೋಗಲಿಲ್ಲ. ಎರಡು ಹೆಜ್ಜೆ ಅಷ್ಟೆ. ರಸೀದಿ ಇಸಿದುಕೊಂಡು ಹಾಸ್ಟೆಲಿಗೆ ನಡೆದೆ.

ಮುಂದಿನ ವರ್ಷ ಆರ್ಕೆಸ್ಟ್ರಾ ಇರಲಿಲ್ಲ. ಅವರಿಗೆ ಕೊಡುತ್ತಿದ್ದ ಸಣ್ಣ ಸಂಭಾವನೆ ನಿಂತಿತು. ಸಂಗೀತ ಬೇಕಾದವರು ತಾವೇ ತಂಡ ಕಟ್ಟಿಕೊಳ್ಳಲಿ ಎಂದಾಯಿತು. ಅದು ಸಿಂಥಸೈಸರ್ ಮತ್ತು ಕಂಪ್ಯೂಟರ್ ಸ್ಟುಡಿಯೋಗಳಿಗೆ ಕಾಲಿಟ್ಟ ಕಾಲ. ಮೂವತ್ತು ಪಿಟೀಲು ಬೇಕಾದ ಕಡೆ ಒಂದು ಕೀಬೋರ್ಡು ಸಾಕಾಗುತ್ತಿತ್ತು. ನಮ್ಮ ಕಾಲೇಜಿನ ವಾರದ ಆ ಎರಡು ಸಂಜೆ ಮಾಸ್ಟರಿಗೆ ಎಷ್ಟು ಮುಖ್ಯವಾಗಿದ್ದವು ಎನ್ನುವುದು ಇಪ್ಪತ್ತು ವರ್ಷದ ಹುಡುಗನಿಗೆ ಹೊಳೆಯಲಿಲ್ಲ. ಕನ್ನಡದಲ್ಲಿ ಬೆನ್ನು ತೋರಿಸುವುದು ಎಂದರೆ ಓಡಿಹೋಗುವುದು. ನಮ್ಮ ಮಾಸ್ಟರ್ ಸಭೆಗೆ ಬೆನ್ನು ತೋರಿಸಿ ನಿಂತಿದ್ದರು ನಿಜ. ಓಡಿಹೋದವನು ನಾನು.

*

ಕ್ವೀನ್ ಮೇರಿಸ್ ದಾಟಿ, ವಿವೇಕಾನಂದರ ಮನೆ ದಾಟಿ ಮುಂದೆ ಬಂದೆ. ಇದೇ ರಸ್ತೆಯ ಮೇಲಿರುವ ವಿಶ್ವವಿದ್ಯಾಲಯದ ಮೆರಿನಾ ಆವರಣ ನಮ್ಮವರಿಗೆ ಪರಿಚಿತ, ಕನ್ನಡ ವಿಭಾಗ ಇಲ್ಲಿದೆ. ಕಿಟ್ಟೆಲ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ್ದನ್ನು ಪ್ರಕಟಿಸಿದ್ದು ಇದೇ ಮದ್ರಾಸ್ ವಿಶ್ವವಿದ್ಯಾಲಯ. ಸಂಗೀತಕ್ಕೂ ಕನ್ನಡಕ್ಕೂ ಒಂದೇ ರಸ್ತೆಯಲ್ಲಿ ಜಾಗ ಕೊಟ್ಟ ಊರು ಇದು ಎಂದು ಅಭಿಮಾನವಾಗುತ್ತದೆ.

ಕನ್ನಡಿಗರು ಈ ಊರಿನ ವೃಂದಗಳಿಗೆ ಕೊಟ್ಟದ್ದೂ ಇದೆ. ಮೈಸೂರು ವಾಸುದೇವಾಚಾರ್ಯರು ಎಂಬತ್ತು ದಾಟಿದ ಮೇಲೆ ಊರು ಬಿಟ್ಟು ಇಲ್ಲಿನ ಕಲಾಕ್ಷೇತ್ರಕ್ಕೆ ಬಂದರು. ರುಕ್ಮಿಣೀದೇವಿಯವರ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ಮಾಡಿದರು. ಹಾಡುವವರು, ನುಡಿಸುವವರು, ಕುಣಿಯುವವರು ಎಲ್ಲರೂ ಒಂದೇ ಲಯದಲ್ಲಿ ಇರಬೇಕಾದ ಕೆಲಸ ಅದು. 1961ರಲ್ಲಿ ಅವರು ತೀರಿಕೊಂಡಾಗ ಆ ಮಾಲೆ ಇನ್ನೂ ಮುಗಿದಿರಲಿಲ್ಲ. ಮೊಮ್ಮಗ ಎಸ್. ರಾಜಾರಾಂ ಮುಂದುವರಿಸಿದರು. ಅಲ್ಲೂ ಕಡಿದ ಎಳೆಯನ್ನು ಪಕ್ಕದಲ್ಲಿದ್ದವರೇ ಹಿಡಿದುಕೊಂಡರು.

ಇನ್ನೊಂದು ಹೆಸರು ಹೇಳಲೇಬೇಕು. ಎಂ.ಬಿ. ಶ್ರೀನಿವಾಸನ್. ಮಲಯಾಳ ಚಿತ್ರಗಳ ಸಂಗೀತ ನಿರ್ದೇಶಕರೆಂದು ಹೆಸರಾದವರು. 1970ರ ದಶಕದ ಆರಂಭದಲ್ಲಿ ಮದ್ರಾಸ್ ಯೂತ್ ಕಾಯರ್ ಕಟ್ಟಿದರು. ಸಂಗೀತ ಕಲಿತವರು, ಕಲಿಯದವರು, ಯುವಕರು, ಯುವತಿಯರು ಎಲ್ಲರೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಹಾಡುವ ವೃಂದ. ನಮ್ಮ ರಾಗಗಳನ್ನು ನಮ್ಮ ರಾಗಗಳಾಗಿಯೇ ಉಳಿಸಿಕೊಂಡು ಹಲವು ದನಿಗಳಲ್ಲಿ ಹಾಡಿಸುವುದು ಹೇಗೆ ಎಂದು ಅವರು ಹುಡುಕಿದರು. ಸಿನಿಮಾ ವಾದ್ಯಗಾರರ ಸಂಘ ಕಟ್ಟುವುದರಲ್ಲೂ ಮುಂದಾಳು ಅವರೇ. ಸ್ಟುಡಿಯೋದ ಮೂಲೆಯಲ್ಲಿ ಕೂತು ನುಡಿಸುವವನಿಗೂ ಸರಿಯಾದ ಕೂಲಿ ಸಿಗಬೇಕು ಎಂದು ಹೋರಾಡಿದವರು. 1988ರಲ್ಲಿ ಲಕ್ಷದ್ವೀಪದಲ್ಲಿ ಮಕ್ಕಳಿಗೆ ವೃಂದಗಾನ ಕಲಿಸಲು ಹೋಗಿದ್ದಾಗಲೇ ತೀರಿಕೊಂಡರು.

ಪ್ರೆಸಿಡೆನ್ಸಿ ಕಾಲೇಜು ಹತ್ತಿರವಾದಂತೆ ಡ್ರಮ್ಮಿನ ಸದ್ದು ಎದೆಗೆ ತಾಗುವಷ್ಟಾಯಿತು. ಪೊಲೀಸರು ಹಗ್ಗ ಕಟ್ಟಿದ್ದರು. ವಾಕಿಂಗ್ ಬಂದವರು, ಸುಂಡಲ್ ಮಾರುವವರು, ಶಾಲೆ ಮಕ್ಕಳ ಅಪ್ಪ ಅಮ್ಮಂದಿರು ಎಲ್ಲ ನಿಂತಿದ್ದರು. ಸೇನೆಯ ತುಕಡಿಗಳು ಹೋದ ಮೇಲೆ ಎನ್‌ಸಿಸಿ ಬಂತು. ಎಲ್ಲರೂ ಕಾಲೇಜು ಹುಡುಗ ಹುಡುಗಿಯರು. ಅವರ ಬ್ಯಾಂಡಿನ ಮುಂದೆ ದಂಡ ಹಿಡಿದ ಹುಡುಗಿ, ಹತ್ತೊಂಬತ್ತು ಇಪ್ಪತ್ತು ವಯಸ್ಸು. ಪಕ್ಕದಲ್ಲಿ ರಸ್ತೆಯ ಅಂಚಿಗೆ, ಟ್ರ್ಯಾಕ್ ಪ್ಯಾಂಟು ಹಾಕಿದ, ತಲೆ ನರೆತ ಒಬ್ಬರು ಅವರ ಜೊತೆಗೇ ಸರಸರ ನಡೆಯುತ್ತಿದ್ದರು. ಅವರೇ ಕಲಿಸುವವರು ಎಂದು ನೋಡಿದರೇ ಗೊತ್ತಾಗುತ್ತಿತ್ತು. 26ನೇ ತಾರೀಕು ಅವರು ಎಲ್ಲೂ ಕಾಣಿಸುವುದಿಲ್ಲ. ಟಿವಿಯಲ್ಲಿ ದಂಡ ಹಿಡಿದ ಹುಡುಗಿ ಕಾಣುತ್ತಾಳೆ, ಅದೇ ಸರಿ ಕೂಡ.

ಬೆಳಗಿನ ತಂಪಿಗೆ ಹಿತ್ತಾಳೆ ವಾದ್ಯಗಳ ಶ್ರುತಿ ಇಳಿದಿತ್ತು. ಬಿಸಿಲೇರಿ ಕೊಳವೆಯೊಳಗಿನ ಗಾಳಿ ಕಾದಂತೆ ಶ್ರುತಿ ತಾನೇ ಏರುತ್ತದೆ. ಸಮುದ್ರದ ತೇವಕ್ಕೆ ಚರ್ಮದ ವಾದ್ಯ ಸಡಿಲವಾಗುತ್ತದೆ. ಹಾಗಾಗಿ ಇವರು ನಿಂತಾಗಲೆಲ್ಲ ಶ್ರುತಿ ನೋಡುತ್ತಿದ್ದರು. ಇನ್ನೊಂದು ತೊಡಕೂ ಇದೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ಬ್ಯಾಂಡಿನ ಮುಂದಿನವರಿಗೂ ಹಿಂದಿನವರಿಗೂ 34 ಮೀಟರು ಅಂತರ ಇದ್ದರೆ ಹಿಂದಿನವರಿಗೆ ಮುಂದಿನವರ ಪೆಟ್ಟು ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಗಿ ಕೇಳುತ್ತದೆ. ಕಿವಿಯನ್ನು ನಂಬಿ ನುಡಿಸಿದರೆ ಹಿಂದೆ ಬೀಳುತ್ತಾರೆ. ಅದಕ್ಕೇ ಮುಂದಿನ ದಂಡವನ್ನು ನೋಡಬೇಕು. ಬೆಳಕು ತಡಮಾಡುವುದಿಲ್ಲ. ಮಿಷಿಗನ್ನಿನ ಅಷ್ಟು ದೊಡ್ಡ ಮೈದಾನದಲ್ಲಿ ನಮ್ಮ ಹುಡುಗಿ ನೋಡುವುದೂ ಯಾರದೋ ಕೈಯನ್ನೇ. "ಹಾಳೆ ನೋಡಬೇಡಿ, ಕೈ ನೋಡಿ."

ಮೈಸೂರಿನಲ್ಲಿ ದಸರಾ ಹೊತ್ತಿಗೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅರಮನೆಯ ಮುಂದೆ ಪೊಲೀಸ್ ಬ್ಯಾಂಡ್ ಕೇಳಿಸುತ್ತಿದ್ದರು. ಮಹಾರಾಜರ ಕಾಲದಿಂದ ಬಂದ ಬ್ಯಾಂಡು ಅದು. ಇಂಗ್ಲಿಷ್ ಬ್ಯಾಂಡು ಬೇರೆ, ಕರ್ನಾಟಕ ಸಂಗೀತದ ಬ್ಯಾಂಡು ಬೇರೆ. ಆದರೆ ಅಲ್ಲಿ ಮಹಾರಾಜರು ಇದ್ದರು, ಸಂಬಳ ಕೊಟ್ಟು ಸಾಕಿದರು. ಮಿಷಿಗನ್ನಿನಲ್ಲಿ ವಿಶ್ವವಿದ್ಯಾಲಯ ಸಾಕುತ್ತದೆ. ಅಮೆರಿಕದ ವಿಶ್ವವಿದ್ಯಾಲಯದ ಬ್ಯಾಂಡುಗಳ ಹಿರಿಯ ಎನ್ನಿಸಿಕೊಂಡ ಇಲಿನಾಯ್ ವಿಶ್ವವಿದ್ಯಾಲಯದ ಆಸ್ಟಿನ್ ಹಾರ್ಡಿಂಗ್ ಮೊದಲು ಅಲ್ಲೇ ಎಂಜಿನಿಯರಿಂಗ್ ವಿದ್ಯಾರ್ಥಿ. 1905ರಲ್ಲಿ ಬ್ಯಾಂಡಿನ ಹೊಣೆ ಹೊತ್ತವರು ನಾಲ್ಕು ದಶಕ ದಾಟಿ ಅಲ್ಲೇ ಉಳಿದರು. ಉಳಿಯಲು ಅವರಿಗೊಂದು ಜಾಗ ಇತ್ತು. ನಮ್ಮ ಮಾಸ್ಟರಂಥವರಿಗೆ ಜಾಗ ಇರಲಿಲ್ಲ, ಸೈಕಲ್ಲು ಇತ್ತು.

ಈಗ ಚೆನ್ನೈಯಲ್ಲಿ ದಾರಿಗಳು ಇವೆ. 2008ರಲ್ಲಿ ಎ.ಆರ್. ರಹಮಾನ್ ಶುರುಮಾಡಿದ ಕೆ.ಎಂ. ಮ್ಯೂಸಿಕ್ ಕನ್ಸರ್ವೇಟರಿ ಇದೆ, ಲಂಡನ್ನಿನ ಮಿಡಲ್‌ಸೆಕ್ಸ್ ವಿಶ್ವವಿದ್ಯಾಲಯದ ಜೊತೆ ನಂಟು ಬೆಳೆಸಿಕೊಂಡ ಸಂಸ್ಥೆ. ಬಡವರ ಮನೆಯ ಮಕ್ಕಳಿಗೆ ಉಚಿತವಾಗಿ ಕಲಿಸಿ ಕಟ್ಟಿದ ಸನ್‌ಶೈನ್ ಆರ್ಕೆಸ್ಟ್ರಾ ಅದರದೇ. ಸರ್ಕಾರದ ಸಂಗೀತ ಮತ್ತು ಲಲಿತಕಲೆಗಳ ವಿಶ್ವವಿದ್ಯಾಲಯವೂ 2013ರಲ್ಲಿ ಬಂತು. ಒಳ್ಳೆಯದೇ. ಆದರೆ ಸಂಗೀತ ಓದಲು ಬಂದವರಿಗೆ ಅವು. ಲೆಕ್ಕ ಓದುವವನಿಗೆ, ಕೆಮಿಸ್ಟ್ರಿ ಓದುವವಳಿಗೆ, ಊರು ಬಿಟ್ಟು ಬಂದು ಭಾಷೆ ಬಾರದೆ ಒದ್ದಾಡುವ ಮೈಸೂರಿನ ಹುಡುಗನಿಗೆ ವಾರಕ್ಕೆ ಎರಡು ಸಂಜೆ ಇಪ್ಪತ್ತೆರಡು ಮಂದಿಯ ನಡುವೆ ಕೂತು ಪಕ್ಕದವರನ್ನು ಕೇಳಿಸಿಕೊಳ್ಳುವುದನ್ನು ಕಲಿಸುವವರು ಬೇಕು. ಅದು ಪಠ್ಯದಲ್ಲಿ ಇಲ್ಲ, ಹಾಗಾಗಿ ಅವರಿಗೆ ಹುದ್ದೆಯೂ ಇಲ್ಲ. ನಾನು ತಮಿಳು ಕಲಿತದ್ದು, ಈ ಊರಿನವನಾದದ್ದು ತರಗತಿಯಲ್ಲಿ ಅಲ್ಲ, ಆ ಸಂಜೆಗಳಲ್ಲಿ.

*

ಸೆನೆಟ್ ಹೌಸ್‌ನ ಕೆಂಪು ಗೋಡೆ, ಗುಮ್ಮಟಗಳ ಮೇಲೆ ಬಿಸಿಲು ಬಿದ್ದಿತ್ತು. ಚಿಜಂ ಕಟ್ಟಿದ್ದು, 1870ರ ದಶಕದಲ್ಲಿ. ನೇಪಿಯರ್ ಸೇತುವೆಯ ಮೇಲೆ ಕೂವಂ ನದಿಯ ವಾಸನೆಗೆ ಮೂಗು ಮುಚ್ಚಿಕೊಂಡು ದಾಟಿದರೆ ಬಲಕ್ಕೆ ಸಮುದ್ರ, ಮುಂದೆ ಕೋಟೆ.

ಈ ರಸ್ತೆಯ ಕತೆ ಶುರುವಾಗುವುದು ನಿಜಕ್ಕೂ ಈ ತುದಿಯಲ್ಲಿ. 18ನೇ ಶತಮಾನದ ಕೊನೆಯ ವರ್ಷಗಳಲ್ಲಿ ರಾಮಸ್ವಾಮಿ ದೀಕ್ಷಿತರ ಕುಟುಂಬ ಮದ್ರಾಸಿನ ಹತ್ತಿರದ ಮಣಲಿಯಲ್ಲಿತ್ತು. ಅವರಿಗೆ ಆಶ್ರಯ ಕೊಟ್ಟ ಮೊದಲಿಯಾರರು ಕಂಪನಿಯವರ ಜೊತೆ ವ್ಯವಹಾರ ಇದ್ದವರು. ಹಾಗಾಗಿ ಮಕ್ಕಳಿಗೆ ಕೋಟೆಯೊಳಗಿನ ಬ್ಯಾಂಡ್ ಕೇಳುವ ಅವಕಾಶ ಸಿಕ್ಕಿತು. ಕಿರಿಯ ಬಾಲುಸ್ವಾಮಿ ಅಲ್ಲಿನ ಒಬ್ಬ ಐರೋಪ್ಯ ವಾದಕನಿಂದ ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ತಂದರು. ಹಿರಿಯ ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಸೆದರು. ಸುಮಾರು ನಲವತ್ತು ನೋಟು ಸ್ವರಗಳು. ಇಂಗ್ಲೆಂಡಿನ ರಾಷ್ಟ್ರಗೀತೆಯ ಮಟ್ಟಿನಲ್ಲಿ 'ಸಂತತಂ ಪಾಹಿಮಾಂ' ಇದೆಯಲ್ಲ, ಸಂಗೀತ ಕಲಿಯುವ ಮಕ್ಕಳು ಇಂದಿಗೂ ಹಾಡುತ್ತಾರೆ.

ನಾನು ಮೈಸೂರಿನಲ್ಲಿ ಏಳು ವರ್ಷ ಕಲಿತ ಪಿಟೀಲು ನಮ್ಮ ಸಂಗೀತದೊಳಗೆ ಬಂದ ಬಾಗಿಲು ಇದು. ಬಾಲುಸ್ವಾಮಿಗೆ ಕಲಿಸಿದ ಆ ಐರೋಪ್ಯನ ಹೆಸರನ್ನು ಯಾರೂ ಹೇಳುವುದಿಲ್ಲ. ದೀಕ್ಷಿತರು ಕೇಳಿದ ಆ ಬ್ಯಾಂಡಿನ ಮುಂದೆ ಕೈ ಆಡಿಸಿದವನ ಹೆಸರೂ ಇಲ್ಲ. ಇನ್ನೂರು ವರ್ಷದ ಹಿಂದಿನವರದ್ದು ಬಿಡಿ, ಮೂವತ್ತು ವರ್ಷದ ಹಿಂದೆ ವಾರಕ್ಕೆರಡು ಸಲ ನನ್ನ ಕಣ್ಣನ್ನು ನೋಡಿದವರ ಹೆಸರು ನನಗೇ ಗೊತ್ತಿಲ್ಲ. ಅದಕ್ಕೇ ಅವತ್ತು ಲೈನ್ ಸರಿಯಿಲ್ಲ ಎಂದದ್ದು. ನಾವು ಯಾರೂ ಕೇಳಿರಲಿಲ್ಲ. ಮಾಸ್ಟರ್ ಎಂದರೆ ಸಾಕಾಗಿತ್ತು.

ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ಸಾಲಿಗ್ರಾಮದ ಅವರ ಓಣಿಗೆ ಹೋಗಿದ್ದೆ. ಆ ಮನೆ ಇದ್ದ ಜಾಗದಲ್ಲಿ ಫ್ಲ್ಯಾಟು ಏಳುತ್ತಿತ್ತು. ಅಲ್ಲಿಗೇ ಬಿಟ್ಟೆ. ಒಂದು ಸಲ ಬೆನ್ನು ತೋರಿಸಿದವನಿಗೆ ಎರಡನೇ ಸಲ ಸುಲಭ.

ಕೋಟೆಯ ಎದುರಿನ ಕಟ್ಟೆಯ ಮೇಲೆ ಕೂತು ಅಕ್ಕನ ಮಗಳಿಗೆ ಮೆಸೇಜ್ ಬರೆದೆ. ಅವಳಿಗೆ ಆಗ ರಾತ್ರಿ. "ನಮ್ಮ ಡೈರೆಕ್ಟರ್ ಹೆಸರು ನಂಗೆ ಗೊತ್ತಿಲ್ಲ ಪುಟ್ಟಿ. ಮಾಸ್ಟರ್ ಅಂತಿದ್ವಿ. ತುಂಬಾ ದೊಡ್ಡವರು. ನಾನು ಮಾಡಿದ ತಪ್ಪನ್ನ ತಮ್ಮದು ಅಂದ್ರು. ಸಿನಿಮಾ ವಾದ್ಯಗಾರರ ಸಂಘ ವಡಪಳನಿ ಕಡೆ ಇದೆ. ಹಳೇ ಪಿಟೀಲಿನವರು ಯಾರಾದ್ರೂ ಸಿಕ್ಕರೆ, ಸೈಕಲ್ಲಲ್ಲಿ ಕಾಲೇಜಿಗೆ ಹೋಗಿ ಹುಡುಗರಿಗೆ ಕಲಿಸ್ತಿದ್ದೋರು ಅಂದ್ರೆ ನೆನಪಿರಬಹುದು. ಈ ಶನಿವಾರ ಹೋಗ್ತೀನಿ."

ಎರಡು ನಿಮಿಷಕ್ಕೆ ಉತ್ತರ ಬಂತು. "ಹೋಗಿ ಮಾಮ. ಹೆಸರು ಸಿಕ್ಕಿದ ತಕ್ಷಣ ನಂಗೆ ಹೇಳಿ."

ನೀವು ಚೆನ್ನೈಗೆ ಬಂದರೆ, ಅದೂ ಜನವರಿಯಲ್ಲಿ, ಲೈಟ್‌ಹೌಸ್ ಸ್ಟೇಷನ್ನಿನಲ್ಲಿ ರೈಲು ಇಳಿದು ಬೆಳಗಾಗುವ ಮುಂಚೆ ಈ ರಸ್ತೆಯಲ್ಲಿ ಒಮ್ಮೆ ನಡೆಯಿರಿ. ತಾಲೀಮಿನ ದಿನಗಳಲ್ಲಿ ವಾಹನ ಬಿಡುವುದಿಲ್ಲ, ನಡೆಯುವವರಿಗೆ ಅಡ್ಡಿಯಿಲ್ಲ. ಬ್ಯಾಂಡ್ ಬಂದಾಗ ದಂಡ ಹಿಡಿದವರನ್ನು ನೋಡಿ, ಆಮೇಲೆ ರಸ್ತೆಯ ಅಂಚಿನಲ್ಲಿ ಜೊತೆಗೇ ನಡೆಯುವವರನ್ನೂ ನೋಡಿ. ಸಾಧ್ಯವಾದರೆ ಹತ್ತಿರ ಹೋಗಿ ಹೆಸರು ಕೇಳಿ.